ತೆಂಗಿನ ಗರಿ ಕಪ್ಪಾದರೆ ಮರ ಸಾಯುತ್ತದೆಯೇ? ಔಷಧಿ ಹೊಡೆಯುವ ಮುನ್ನ ಇದನ್ನು ಓದಿ

ಮಸಿ ಬಳಿದಂತೆ ಕಪ್ಪಾದ ತೆಂಗಿನ ಗರಿಯ ಫೋಟೊ. ಅದರ ಕೆಳಗೆ, ‘ಇದು ಹೊಸ ರೋಗ, ತಕ್ಷಣ ಔಷಧಿ ಹೊಡೆಯಿರಿ, ಇಲ್ಲದಿದ್ದರೆ ತೋಟವೇ ಹೋಗುತ್ತದೆ’ ಎಂಬ ಎಚ್ಚರಿಕೆ. ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಗರಿ ಕಪ್ಪಾಗುವುದು ನಿಜ. ತೊಂದರೆ ಇರುವುದು ಆ ಸಲಹೆಯಲ್ಲಿ.

ಒದ್ದೆ ಬಟ್ಟೆಯಿಂದ ಆ ಗರಿಯನ್ನು ಒರೆಸಿ ನೋಡಿ. ಕಪ್ಪು ಬಿಟ್ಟುಕೊಂಡು ಬಂದು, ಕೆಳಗೆ ಹಸಿರು ಕಾಣಿಸಿದರೆ ಅದು ಎಲೆಯೊಳಗಿನ ರೋಗವಲ್ಲ, ಮೇಲೆ ಬೆಳೆದ ಬೂಸು. ಈಗ ಮೇಲಿನ ಗರಿಗಳ ಅಡಿಭಾಗ ನೋಡಿ. ಬಿಳಿ ಮೇಣದ ಪುಡಿಯಲ್ಲಿ ಸುರುಳಿ ಸುರುಳಿಯಾಗಿ ಇಟ್ಟ ಮೊಟ್ಟೆಗಳು ಕಾಣುತ್ತವೆ. ಇದು ಸುರುಳಿ ಬಿಳಿನೊಣದ ಕೆಲಸ. ರಸ ಹೀರುವ ಈ ಕೀಟ ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಗರಿಗಳ ಮೇಲೆ ಬೀಳುತ್ತದೆ, ಬೂಸು ಬೆಳೆಯುವುದು ಆ ಅಂಟಿನ ಮೇಲೆ. ಗರಿಗೆ ಬಿಸಿಲು ಸರಿಯಾಗಿ ತಾಗದೆ ಮರ ಸೊರಗುತ್ತದೆ. ಆದರೆ ಇದೊಂದರಿಂದಲೇ ಬೆಳೆದ ಮರ ಸಾಯುವುದು ಅಪರೂಪ.

ಈ ನೊಣ ನಮ್ಮ ನಾಡಿನದ್ದಲ್ಲ. ವಿಜ್ಞಾನಿಗಳು 2004ರಲ್ಲಿ ಇದಕ್ಕೆ ಹೆಸರಿಟ್ಟದ್ದು ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಸಿಕ್ಕ ಮಾದರಿಗಳಿಂದ. 2009ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕಾಣಿಸಿಕೊಂಡಿತು, 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ. ಅಲ್ಲಿಂದ ಕೇರಳ, ಕರ್ನಾಟಕ, ಆಂಧ್ರ ಎಂದು ಹಬ್ಬಿತು. ಎರಡೂವರೆ ಮಿಲಿಮೀಟರ್‌ನಷ್ಟಿರುವ ನೊಣ ತಾನೇ ಹಾರಿ ಇಷ್ಟು ದೂರ ಬರಲಾರದು. ಸಸಿ, ಅಲಂಕಾರಿಕ ಗಿಡ, ಎಲೆಗಳ ಜೊತೆ ಇಂಥ ಕೀಟಗಳು ಲಾರಿ, ಹಡಗು ಹತ್ತುತ್ತವೆ. ಬಾಳೆ, ಸೀಬೆ, ಸೀತಾಫಲ, ಸಪೋಟದ ಮೇಲೂ ಇದು ಬದುಕುತ್ತದೆ.

ಹೊರಗಿನಿಂದ ಬಂದ ಕೀಟ ಇಷ್ಟು ಜೋರಾಗಿ ಹೆಚ್ಚಲು ಮುಖ್ಯ ಕಾರಣ, ಅದನ್ನು ತಿನ್ನುವ ಶತ್ರುಗಳು ತವರಿನಲ್ಲೇ ಉಳಿದುಬಿಡುವುದು. ತೆಂಗಿನ ವಿಷಯದಲ್ಲಿ ನಮ್ಮ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. ‘ಎನ್‌ಕಾರ್ಸಿಯಾ ಗ್ವಾಡೆಲೂಪೆ’ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ ಯಾರೂ ತರದೆಯೇ ಇಲ್ಲಿಗೆ ಬಂದು ನೆಲೆಸಿದೆ. ಅದು ಬಿಳಿನೊಣದ ಮರಿಯಲ್ಲಿ ಮೊಟ್ಟೆಯಿಡುತ್ತದೆ, ಕಣಜದ ಮರಿ ಅದನ್ನು ತಿಂದು ಬೆಳೆಯುತ್ತದೆ. ಭೂತಕನ್ನಡಿಯಲ್ಲಿ ನೋಡಿದಾಗ ಬಿಳಿನೊಣದ ಕೋಶದಲ್ಲಿ ದುಂಡನೆಯ ತೂತು ಕಂಡರೆ ಕಣಜ ಹೊರಬಂದಿದೆ ಎಂದರ್ಥ.

ಫಾರ್ವರ್ಡ್ ನಂಬಿ ರಾಸಾಯನಿಕ ಸಿಂಪಡಿಸಿದರೆ ಮೊದಲು ಸಾಯುವುದು ಈ ಕಣಜ. ಗರಿಯ ಅಡಿಯಲ್ಲಿ ಮೇಣದ ಹೊದಿಕೆಯೊಳಗೆ ಕುಳಿತ ನೊಣ ಉಳಿದುಕೊಂಡು, ಕೆಲವೇ ವಾರಗಳಲ್ಲಿ ಮತ್ತೆ ಹೆಚ್ಚುತ್ತದೆ. ಎತ್ತರದ ಮರಕ್ಕೆ ಹೊಡೆದ ಔಷಧಿ ಗಾಳಿಗೆ ಬಾವಿ, ಕೊಟ್ಟಿಗೆ, ಜೇನುಗೂಡಿನ ಕಡೆಗೂ ಹೋಗುತ್ತದೆ. ದುಡ್ಡಂತೂ ಹೋಯಿತೇ.

ಕಣಜದಿಂದ ಏನಾದೀತು ಎನ್ನುವವರಿಗೆ ಪರಂಗಿಯ ಉದಾಹರಣೆಯಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪರಂಗಿ ಹಿಟ್ಟು ತಿಗಣೆ ಪರಂಗಿಯ ಜೊತೆ ಹಿಪ್ಪುನೇರಳೆಯನ್ನೂ ಹಾಳುಮಾಡಿತ್ತು. 2010ರಲ್ಲಿ ಪೋರ್ಟೊರಿಕೋದಿಂದ ಕಣಜಗಳನ್ನು ತರಿಸಿ, ಬೆಂಗಳೂರಿನ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿ ತೋಟಗಳಿಗೆ ಬಿಟ್ಟ ಮೇಲೆ ಹಾವಳಿ ಇಳಿಯಿತು.

ತೆಂಗಿಗೆ ಎಲ್ಲವೂ ಸರಿಹೋಯಿತು ಎಂದು ನಾವು ಹೇಳುತ್ತಿಲ್ಲ. 2018ರಲ್ಲಿ ಕೇರಳದಲ್ಲಿ ಇನ್ನೊಂದು ಹೊರನಾಡಿನ ಬಿಳಿನೊಣ ಪತ್ತೆಯಾಯಿತು. ಅದು ಗೂಡು ಕಟ್ಟುವ ಜಾತಿ. ಎರಡೂ ಒಂದೇ ಗರಿಯಲ್ಲಿರಬಹುದು, ಗೂಡು ಕಟ್ಟುವುದರ ಮೇಲೆ ಈ ಕಣಜದ ಆಟ ನಡೆಯದು. ಹಾಗಾಗಿ ಹಾವಳಿ ಜೋರಾಗಿದ್ದರೆ ಗರಿಯ ತುಂಡು ತೆಗೆದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ತೋರಿಸಿ. ಒಯ್ಯುವಾಗ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯಾಗಿ ಕಟ್ಟಿ.

ಅಲ್ಲಿಯವರೆಗೆ ಗಿಡ್ಡ ಮರಗಳಿಗೆ ನೀರನ್ನು ರಭಸವಾಗಿ ಹಾಯಿಸಬಹುದು, ಹಳದಿ ಅಂಟು ಬಲೆ ಕಟ್ಟಬಹುದು. ತೆಳ್ಳನೆಯ ಗಂಜಿ ನೀರು ಸಿಂಪಡಿಸಿದರೆ ಒಣಗಿದ ಮೇಲೆ ಬೂಸು ಹೊಪ್ಪಳೆಯಾಗಿ ಉದುರುತ್ತದೆ, ಜೋರು ಮಳೆಯೂ ಅದನ್ನು ತೊಳೆಯುತ್ತದೆ. ಹೊಸ ಸಸಿ ತರುವಾಗ ನರ್ಸರಿಯಲ್ಲೇ ಎಲೆಗಳನ್ನು ಮಗುಚಿ ನೋಡಿ. ಬಿಳಿ ಸುರುಳಿ ಕಂಡ ಸಸಿಯನ್ನು ಗಾಡಿಗೆ ಹತ್ತಿಸಬೇಡಿ.