ವಿಶ್ವಕಿರಣಗಳೂ ಸಿಲಿಕಾನ್ ಹಾಸೂ

ಆಕಾಶದಿಂದ ಹಗಲಿರುಳೂ ಭೂಮಿಯ ಮೇಲೆ ಸುರಿಯುತ್ತಿರುವ, ಕಣ್ಣಿಗೆ ಕಾಣದ ಕಣಗಳ ಮಳೆಗೆ ವಿಶ್ವಕಿರಣಗಳೆಂದು ಹೆಸರು. 1912ರಲ್ಲಿ ಆಸ್ಟ್ರಿಯದ ವಿಜ್ಞಾನಿ ವಿಕ್ಟರ್ ಹೆಸ್ ಅವರು ಬೆಲೂನಿನಲ್ಲಿ 5,000 ಮೀಟರಿಗೂ ಮೇಲೇರಿ, ಎತ್ತರಕ್ಕೆ ಹೋದಂತೆ ಇವುಗಳ ಪ್ರಭಾವ ಹೆಚ್ಚುವುದನ್ನು ಕಂಡರು. ಇವುಗಳಲ್ಲಿ ಬಹುಪಾಲು ಪ್ರೋಟಾನುಗಳು. ಜೊತೆಗೆ ಹೀಲಿಯಂ, ಇಂಗಾಲ, ಕಬ್ಬಿಣ ಮೊದಲಾದ ಧಾತುಗಳ ಪರಮಾಣುಬೀಜಗಳೂ ಉಂಟು. ಯಾವ ಜಾತಿಯ ಕಣ ಎಷ್ಟು ಬಂದಿತೆಂದು ತಿಳಿದರೆ, ಅವುಗಳ ಹುಟ್ಟಿನ ವಿಚಾರವೂ ಸ್ವಲ್ಪ ತಿಳಿಯುವುದು.

ನೆಲದ ಮೇಲೆ ಕುಳಿತು ಈ ಲೆಕ್ಕವನ್ನು ನೇರವಾಗಿ ಮಾಡಲಾಗದು. ಗಾಳಿಗೆ ತಾಕಿದ ಮೂಲಕಣವು ಮೇಲೆಯೇ ಒಡೆದುಹೋಗುವುದು. ಆದುದರಿಂದ ಉಪಕರಣವೇ ಮೇಲೇರಬೇಕು. ಸುಮಾರು 38 ಕಿಲೋಮೀಟರ್ ಎತ್ತರಕ್ಕೇರಿದ ಬೆಲೂನಿನ ಮೇಲೆ ಉಳಿಯುವ ಗಾಳಿಯು ಇಡೀ ವಾಯುಮಂಡಲದ ಸಾವಿರದಲ್ಲಿ ಸುಮಾರು ನಾಲ್ಕು ಪಾಲು ಮಾತ್ರ. 2004ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೋ ಎಂಬಲ್ಲಿಂದ ಹೊರಟ ‘ಕ್ರೀಮ್’ ಎಂಬ ಉಪಕರಣವು 42 ದಿನ ಹಾರಿ, ದಕ್ಷಿಣ ಧ್ರುವವನ್ನು ಮೂರು ಸಲ ಸುತ್ತಿತು.

ಕಣದ ಜಾತಿಯನ್ನು ಗುರುತಿಸಲು ಅದರಲ್ಲಿ ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಸಿಲಿಕಾನ್ ಹಾಸೊಂದಿತ್ತು. ಕಣವು ಸಿಲಿಕಾನನ್ನು ಹಾದುಹೋಗುವಾಗ ಅಲ್ಲಿಯ ಎಲೆಕ್ಟ್ರಾನುಗಳನ್ನು ಬಿಡಿಸುವುದು. ಹೀಗೆ ಬಿಡುಗಡೆಯಾಗುವ ವಿದ್ಯುತ್ತು ಕಣದ ವಿದ್ಯುದಂಶದ ವರ್ಗಕ್ಕೆ ಅನುಗುಣವಾದುದು. ಪ್ರೋಟಾನಿನದು 1 ಎಂದರೆ ಹೀಲಿಯಂ ಬೀಜದ್ದು 4. ಕಬ್ಬಿಣದ ಬೀಜದ್ದು 26ರ ವರ್ಗ, ಎಂದರೆ 676.

ಆದರೆ ಆ ಹಾಸನ್ನು 2,912 ಸಣ್ಣ ಮನೆಗಳಾಗಿ ಏಕೆ ವಿಭಾಗಿಸಿದ್ದರು? ಹಾಸಿನ ಕೆಳಗೆ ಕಣದ ಶಕ್ತಿಯನ್ನು ಅಳೆಯುವ ಟಂಗ್‌ಸ್ಟನ್ ಫಲಕಗಳಿದ್ದವು. ಬಂಡೆಯ ಮೇಲೆ ಬಿದ್ದ ನೀರು ಹಿಂದಕ್ಕೆ ಸಿಡಿಯುವಂತೆ, ಅಲ್ಲಿ ಒಡೆದ ಕಣದ ಕೆಲವು ತುಣುಕುಗಳು ಮೇಲಕ್ಕೆ ಚಿಮ್ಮುವುವು. ವಿದ್ಯುದಂಶವುಳ್ಳ ಒಂದೊಂದು ತುಣುಕೂ ಹೆಚ್ಚುಕಡಮೆ ಪ್ರೋಟಾನಿನಷ್ಟೇ ಗುರುತು ಬಿಡುವುದು. ಇಂತಹ ಮೂರು ತುಣುಕುಗಳು ಪ್ರೋಟಾನು ಹಾದುಹೋದ ಮನೆಯಲ್ಲಿಯೇ ಬಿದ್ದರೆ, ಒಂದು ಹೋಗಿ ನಾಲ್ಕಾಗಿ, ಪ್ರೋಟಾನು ಹೀಲಿಯಮ್ಮಿನ ವೇಷ ಧರಿಸುವುದು. ಮನೆಗಳು ಸಣ್ಣವಾದಷ್ಟೂ ಈ ಬೆರಕೆ ವಿರಳ.

ಇದು ಬರಿಯ ಯಂತ್ರಕೌಶಲದ ಮಾತಲ್ಲ. ಶಕ್ತಿಯು ಏರಿದಂತೆಲ್ಲ ಪ್ರೋಟಾನುಗಳಿಗೆ ಹೋಲಿಸಿದರೆ ಹೀಲಿಯಮ್ಮಿನ ಪಾಲು ಹೆಚ್ಚುತ್ತದೆಂದು ಈ ಹಾರಾಟದ ಫಲಿತಾಂಶವು 2011ರಲ್ಲಿ ಪ್ರಕಟವಾಯಿತು. ಎರಡೂ ಒಂದೇ ಬಗೆಯ ಮೂಲದಲ್ಲಿ, ಒಂದೇ ರೀತಿಯಲ್ಲಿ ವೇಗಗೊಳ್ಳುತ್ತವೆಂಬ ಸರಳ ಭಾವನೆಗೆ ಇದು ಹೊಂದದು. ಆದರೆ ಹಿಂದಕ್ಕೆ ಚಿಮ್ಮುವ ತುಣುಕುಗಳೂ ಶಕ್ತಿಯೊಡನೆಯೇ ಹೆಚ್ಚುವುವು. ಅವುಗಳಿಂದಾಗುವ ತಪ್ಪೂ ಇದೇ ರೂಪದಲ್ಲಿ ತೋರಬಹುದಾಗಿತ್ತು. ನಿಜವಾದ ಹೀಲಿಯಂ ಯಾವುದು, ವೇಷಧಾರಿ ಯಾವುದು ಎಂಬ ವಿವೇಚನೆಗೆ ಮುಖ್ಯ ಆಧಾರವಾದುದು ಆ ಸಣ್ಣ ಸಿಲಿಕಾನ್ ಮನೆಗಳೇ.