ಹಳೆಯ ಪಿಕಪ್‌ಗೆ ಹೊಸ ಜೀವ

ಕತಾರಿನ ಮರಳಿನಲ್ಲಿ ದುಡಿದ ಟೊಯೊಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ 45 ಪಿಕಪ್ಪನ್ನು ಮತ್ತೆ ಓಡಿಸುವ ಹಂಬಲ ನಮ್ಮಲ್ಲಿ ಕೆಲವರಿಗುಂಟು. ಅಂಥವರಿಗೆ ಒಂದೇ ಮಾತು: ಬಣ್ಣ ಕಡೆಗಿರಲಿ, ಚಾಸಿಸ್ ಮತ್ತು ಬ್ರೇಕು ಮೊದಲಾಗಲಿ.

ಮರುಭೂಮಿಯಲ್ಲಿ ತುಕ್ಕೆಲ್ಲಿಂದ ಎನ್ನಬೇಡಿ. ಇಲ್ಲಿನ ಧೂಳಿನಲ್ಲಿ ಕಡಲ ಉಪ್ಪಿದೆ. ಅದು ರಾತ್ರಿಯ ತೇವವನ್ನು ಹೀರಿ ಚಾಸಿಸ್ಸಿನ ಒಳಮೈಯನ್ನು ಸದ್ದಿಲ್ಲದೆ ತಿನ್ನುತ್ತದೆ. ಮೊದಲು ಸಿಹಿನೀರಿನಿಂದ ತೊಳೆದು ಉಪ್ಪು ಕಳೆಯಬೇಕು. ತುಕ್ಕು ಕೆರೆದು, ಒಣಗಿಸಿ, ಬಳಿಕವೇ ಪ್ರೈಮರ್. ಸುತ್ತಿಗೆಯಿಂದ ತಟ್ಟಿದಾಗ ಮಂಕು ಸದ್ದು ಬಂದ ಕಡೆ ಹೊಸ ಉಕ್ಕಿನ ಬೆಸುಗೆಯೇ ಮದ್ದು.

ರಬ್ಬರು ಬಿಸಿಲಿಗೂ ಓಝೋನಿಗೂ ಬಿರುಕು ಬಿಡುತ್ತದೆ. ಆದ್ದರಿಂದ ಬ್ರೇಕ್ ಹೋಸು, ಸೀಲುಗಳನ್ನು ಗುಜರಿಯಿಂದ ತರಲೇಬಾರದು. ಬ್ರೇಕಿನ ಸೀಲಿಗೆ ಎಂಜಿನ್ ಆಯಿಲ್ ತಾಗಿದರೂ ಉಬ್ಬಿ ಕೆಡುತ್ತದೆ.

ಬಿಡಿಭಾಗ ಹುಡುಕಿಕೊಂಡು ದೋಹಾದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುವಾಗ ಚಾಸಿಸ್, ಎಂಜಿನ್ ನಂಬರುಗಳನ್ನು ಬರೆದೊಯ್ಯಿರಿ. 1975ರಲ್ಲಿ 3.9 ಲೀಟರಿನ ಎಫ್ ಎಂಜಿನ್ ಹೋಗಿ 4.2 ಲೀಟರಿನ 2ಎಫ್ ಬಂತು. ಒಂದರ ಭಾಗಗಳೆಲ್ಲ ಇನ್ನೊಂದಕ್ಕೆ ಕೂರುವುದಿಲ್ಲ. ಜಪಾನಿನಲ್ಲಿ 1984ಕ್ಕೆ ನಿಂತ ಈ 40 ಸರಣಿಯ ಕೆಲವು ಭಾಗಗಳನ್ನು ಮತ್ತೆ ತಯಾರಿಸುವುದಾಗಿ ಟೊಯೊಟಾ 2021ರಲ್ಲಿ ಪ್ರಕಟಿಸಿತು. ಅದನ್ನೂ ವಿಚಾರಿಸಿ.

ಮನೆಮಂದಿಯನ್ನು ಕೂರಿಸಿಕೊಳ್ಳುವ ಮುನ್ನ ಖಾಲಿ ಬಯಲಿನಲ್ಲಿ ಬ್ರೇಕು ಪರೀಕ್ಷಿಸುವುದನ್ನು ಮಾತ್ರ ಮರೆಯದಿರಿ.