ಸೀತನಿಯ ಹೊಲದಲ್ಲಿ ಸಕುಟುಂಬ

ಕಾರ್ತಿಕದ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆ ನೆರೆದು, ವಿಜಯಪುರ ಬಾಗಲಕೋಟೆಗಳ ಕಡೆಯಿಂದ ಕಾಲ್ನಡಿಗೆಯಲ್ಲಿ ಬಂದ ಭಕ್ತಸಮೂಹವು ದಾಸೋಹದ ಪ್ರಸಾದವನ್ನುಂಡು ತಂತಮ್ಮ ಊರುಗಳಿಗೆ ಮರಳಿದ ಮೇಲೆ, ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳಲ್ಲಿ ಚಳಿಗಾಲವು ನೆಲೆಗೊಂಡಿತೆಂದೇ ತಿಳಿಯಬೇಕು. ಹಗಲಿನಲ್ಲಿ 30 ಡಿಗ್ರಿಯ ಬಿಸಿಲು, ಬೆಳಗಿನ ಜಾವಕ್ಕೆ 15 ಡಿಗ್ರಿಗೂ ಕೆಳಗಿಳಿಯುವ ಥಂಡಿ, ಮೂಡಣ ದಿಕ್ಕಿನಿಂದ ಬೀಸುವ ಒಣಗಾಳಿ. ಇಂಥ ದಿನಗಳಲ್ಲಿ ಉಮದಿ, ಸಂಖ, ಬಿಳೂರು, ಮಾಡಗ್ಯಾಳಗಳ ಸಂಸಾರಗಳು ಮನೆಯ ಬಾಗಿಲಿಗೆ ಚಿಲಕವಿಕ್ಕಿ, ತೊಟ್ಟಿಲ ಕೂಸಿನಿಂದ ಮೊದಲ್ಗೊಂಡು ಊರುಗೋಲು ಹಿಡಿದ ಮುತ್ಯಾನವರೆಗೆ ಎಲ್ಲರೂ ಕೂಡಿ ಹೊಲಕ್ಕೆ ಹೊರಡುವ ಒಂದು ಪದ್ಧತಿಯುಂಟು. ದುಡಿಮೆಗೆಂದು ಹೊರಡುವುದಲ್ಲ, ಸೀತನಿಗೆಂದು ಹೊರಡುವುದು. ಮರಾಠಿ ಮಾತಿನ ನೆರೆಹೊರೆಯವರು ಹುರಡಾ ಎಂದು ಕರೆಯುವ ಈ ಎಳೆಜೋಳದ ಭೋಜನವನ್ನೂ, ಅದರ ಸುತ್ತ ಬೆಳೆದುಬಂದಿರುವ ಶಿಶುಪಾಲನೆಯ ವ್ಯವಸ್ಥೆಯನ್ನೂ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಜತ್ತವು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲೆಲ್ಲ ವಿಶಾಲವಾದ ತಾಲ್ಲೂಕು. ಅದರ ವಿಸ್ತೀರ್ಣ ಸುಮಾರು 2,250 ಚದರ ಕಿಲೋಮೀಟರು. ಇದರ ಬಹುಭಾಗವು 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದಿತು. ಸಹ್ಯಾದ್ರಿಯನ್ನು ದಾಟಿ ಬರುವಷ್ಟರಲ್ಲಿ ಮುಂಗಾರಿನ ಮೋಡಗಳು ಬರಿದಾಗಿರುವುದರಿಂದ ಇಲ್ಲಿಯ ರೈತನು ನೆಚ್ಚುವುದು ಹಿಂಗಾರಿಯನ್ನು. ಉತ್ತರಿ ಹಸ್ತಗಳ ಮಳೆಗೆ ಹದಗೊಂಡ ಎರೆಭೂಮಿಯಲ್ಲಿ ಬಿಳಿಜೋಳವನ್ನು ಬಿತ್ತಿದರೆ, ಆಮೇಲೆ ಆಕಾಶವು ಒಂದು ಹನಿಯನ್ನೂ ಕೊಡದೆ ಹೋದರೂ, ಕರಿಯ ಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟ ತೇವದಿಂದಲೇ ಪೈರು ಬೆಳೆದು ತೆನೆ ಹಿರಿಯುತ್ತದೆ. ನೆರೆಯ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ಶುದ್ಧಗೊಳಿಸಿದ ಮಾಲದಂಡಿ ಜೋಳವು ಈ ಸೀಮೆಯ ರೊಟ್ಟಿಗೆ ಹೆಸರಾದದ್ದು. ಆದರೆ ಸೀತನಿಯ ರುಚಿಯನ್ನರಿತ ರೈತರು ಹೊಲದ ಅಂಚಿನಲ್ಲಿ ಸಕ್ಕರಿ ಮುಕ್ಕರಿಯಂಥ ಸಿಹಿತಳಿಯ ನಾಲ್ಕು ಸಾಲುಗಳನ್ನು ಬೇರೆಯಾಗಿಯೇ ಬಿತ್ತುವರು; ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠವು ಇದೇ ಪ್ರಯೋಜನಕ್ಕಾಗಿ ಫುಲೆ ಉತ್ತರಾ, ಫುಲೆ ಮಧುರ್ ಎಂಬ ತಳಿಗಳನ್ನು ಸಿದ್ಧಪಡಿಸಿ ಕೊಟ್ಟಿದೆ.

ಸೀತನಿಗೆ ತಕ್ಕ ತೆನೆಯನ್ನು ಗುರುತಿಸುವುದು ಅನುಭವದ ವಿದ್ಯೆ. ಕಾಳನ್ನು ಉಗುರಿನಿಂದೊತ್ತಿದಾಗ ನೀರಿನಂಥ ಹಾಲು ಚಿಮ್ಮಿದರೆ ಅದು ಇನ್ನೂ ಎಳಸು, ಉಗುರು ಇಳಿಯದಿದ್ದರೆ ಕಾಲ ಮಿಂಚಿತು. ಹಾಲು ಗಟ್ಟಿಯಾಗಿ ಹಿಟ್ಟಿನ ಹದಕ್ಕೆ ತಿರುಗುವ ಕೆಲವೇ ದಿನಗಳ ಸಂಧಿಯಲ್ಲಿ ಮಾತ್ರ ಕಾಳಿನೊಳಗಣ ಸಕ್ಕರೆಯು ಪಿಷ್ಟವಾಗಿ ಮಾರ್ಪಡದೆ ಉಳಿದಿರುತ್ತದೆ. ಅಂಥ ತೆನೆಗಳನ್ನು ಮುರಿದು ತಂದು, ಹೊಲದ ಬದುವಿನಲ್ಲಿ ಮೊಳದಗಲದ ಕುಣಿಯೊಂದನ್ನು ತೋಡಿ, ಅದರಲ್ಲಿ ಕುಳ್ಳು ಒಟ್ಟಿ ಉರಿ ಹಚ್ಚಿ, ಹೊಗೆಯೆಲ್ಲ ಅಡಗಿ ನಿಗಿನಿಗಿ ಕೆಂಡವುಳಿದ ಮೇಲೆ ತೆನೆಗಳನ್ನು ಅದರೊಳಗೆ ಹುಗಿದು ಹೊರಳಿಸುವರು. ಸುಟ್ಟ ತೆನೆಯನ್ನು ಬಿಸಿಯಿರುವಾಗಲೇ ಅಂಗೈಗಳ ನಡುವೆ ಹಿಡಿದು ತಿಕ್ಕಬೇಕು, ಹೊಟ್ಟನ್ನು ಊದಬೇಕು, ಮೊರದಲ್ಲಿ ಕೇರಬೇಕು. ಆಗ ಉಳಿಯುವ ಹಸಿರುಮಿಶ್ರಿತ ಮೆತ್ತನೆಯ ಕಾಳಿಗೆ ಶೇಂಗಾ ಹಿಂಡಿ, ಬೆಳ್ಳುಳ್ಳಿ ಖಾರ, ಬೆಲ್ಲ, ಗಡಿಗೆಯ ಗಟ್ಟಿ ಮೊಸರು ಇವು ಜೊತೆಗೂಡಿದರೆ ಅದಕ್ಕೆ ಮಿಗಿಲಾದ ಊಟವನ್ನು ನಾನಂತೂ ಅರಿಯೆ. ತಿಕ್ಕುವವರ ಅಂಗೈ ಕಪ್ಪಾಗಿ ಕಾಯುತ್ತದೆ. ಆ ಕೆಲಸವು ಪ್ರಾಯಶಃ ಮನೆಯ ಗಂಡಸರದು. ವರ್ಷದಲ್ಲಿ ಉಳಿದೆಲ್ಲ ದಿನವೂ ಒಲೆಯ ಮುಂದೆ ಕುಳಿತವಳನ್ನು ಕೂಡ್ರಿಸಿ ಗಂಡಸು ಉಣಬಡಿಸುವ ಅಪೂರ್ವ ಸಂದರ್ಭಗಳಲ್ಲಿ ಇದೂ ಒಂದು.

ಇನ್ನು ಮಕ್ಕಳ ವಿಚಾರ. ಹಿಮಪಾತವಾಗುವ ನಾಡುಗಳಲ್ಲಿ, ನಮ್ಮ ದೇಶದ ಗುಲ್ಮರ್ಗ ಔಲಿಗಳಲ್ಲಿಯೂ, ಚಳಿಗಾಲದ ವಿಹಾರಕ್ಕೆಂದು ಜನರು ಬೆಟ್ಟಗಳನ್ನೇರಿ ಹಿಮದ ಮೇಲೆ ಜಾರುವ ಕ್ರೀಡೆಯಲ್ಲಿ ತೊಡಗುವರು. ಯೂರೋಪಿನ ಆಲ್ಪ್ಸ್ ಪರ್ವತದ ವಿಹಾರಧಾಮಗಳಲ್ಲಿ ಎಳೆಯರಿಗೆ ಜಾರುವುದನ್ನು ಕಲಿಸಲು ಸಣ್ಣ ಇಳಿಜಾರುಗಳನ್ನೂ, ಕಾಲೂರದ ಶಿಶುಗಳಿಗಾಗಿ ದಾದಿಯರಿರುವ ಬೆಚ್ಚನೆಯ ಕೋಣೆಗಳನ್ನೂ ಏರ್ಪಡಿಸಿರುತ್ತಾರೆ. ಹಿರಿಯರು ಹೊರಗೆ ಆಡುವಷ್ಟು ಹೊತ್ತು ಶಿಶುವು ಒಳಗಿರುವುದು ಆ ಏರ್ಪಾಡಿನ ಆಧಾರ. ಜತ್ತದ ಹೊಲದಲ್ಲಿ ಶಿಶುವನ್ನು ಬೇರೆಯಿರಿಸುವ ಕೋಣೆಯಿಲ್ಲ. ಹೀಗೆಂದ ಮಾತ್ರಕ್ಕೆ ಇಲ್ಲಿ ಮಗುವು ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆಂದು ತಿಳಿಯುವುದು ಪಟ್ಟಣಿಗರ ದೊಡ್ಡ ಭ್ರಮೆ. ಇಲ್ಲಿಯೂ ಶಿಶುರಕ್ಷಣೆಗೆ ಸಾಮಗ್ರಿಗಳಿವೆ, ನಿಯಮಗಳಿವೆ, ಅದನ್ನು ಹೊತ್ತು ನಡೆಸುವವರಿದ್ದಾರೆ, ಅವರ ಶ್ರಮವೂ ಸಾಮಾನ್ಯವಾದುದಲ್ಲ.

ಮೊದಲು ಸಾಮಗ್ರಿ. ಚೊಚ್ಚಲ ಕೂಸಿಗೆ ತವರುಮನೆಯವರು ಹೊಲಿಸಿ ಕೊಡುವ ಕುಲಾವಿ ಕುಂಚಿಗೆಗಳು ಈ ಸೀಮೆಯ ಚಳಿಗೆಂದೇ ರೂಪುಗೊಂಡಂಥವು. ಕುಲಾವಿಯು ಕಿವಿಗಳನ್ನು ಮುಚ್ಚಿ ಗದ್ದದ ಕೆಳಗೆ ಕಟ್ಟಿಕೊಳ್ಳುವ ಟೊಪ್ಪಿಗೆ. ಕುಂಚಿಗೆಯು ನೆತ್ತಿಯಿಂದ ಬೆನ್ನಿನ ಮೇಲೆ ಇಳಿಬಿದ್ದು, ಕೂಸನ್ನು ಹೆಗಲಿಗೆ ಹಾಕಿಕೊಂಡಾಗ ಗಾಳಿಯನ್ನು ತಡೆಯುವಂಥದು. ಗುಳೇದಗುಡ್ಡದ ಖಣದ ಚೂರುಗಳಿಂದ ಹೊಲಿದು, ಅಂಚಿಗೆ ಮಣಿ ಪೋಣಿಸಿ ಗೊಂಡೆ ಇಳಿಬಿಟ್ಟ ಕುಂಚಿಗೆಯು ನೋಟಕ್ಕೆ ಅಲಂಕಾರವೆನಿಸಿದರೂ, ಒಳಗಡೆಯ ಮೆತ್ತನೆಯ ಹಳೆಯ ಅರಿವೆಯೇ ಅದರ ಜೀವಾಳ. ಅದರಂತೆಯೇ ಕೌದಿ: ಅಜ್ಜಿಯ, ತಾಯಿಯ, ಅತ್ತೆಯ ಸವೆದ ಸೀರೆಗಳನ್ನು ಪದರಪದರವಾಗಿ ಹಾಸಿ, ನೂಲಿನ ಸಣ್ಣ ಓಟದ ಹೊಲಿಗೆಯಿಂದ ಅಂಚಿನಿಂದ ನಡುವಿಗೆ ಸುತ್ತಿ ಬಂದು, ಮೂಲೆಗಳಿಗೆ ಮುಕ್ಕೋನದ ತುಂಡುಗಳನ್ನಿಕ್ಕಿ ಮುಗಿಸುವ ಈ ಹೊದಿಕೆಯು ನವಜಾತ ಶಿಶುವಿನ ಮೈಗೆ ಹೊಸ ಬಟ್ಟೆಗಿಂತ ಹಿತವಾದುದು. ಕೆಳಗೆ ಹಾಸಲು ಕುರಿಯುಣ್ಣೆಯ ಕರಿಯ ಕಂಬಳಿ. ಮಾಡಗ್ಯಾಳದ ಹೆಸರನ್ನೇ ಹೊತ್ತ, ಗಿಳಿಮೂಗಿನ ಎತ್ತರದ ಕುರಿತಳಿಯೊಂದು ಈ ತಾಲ್ಲೂಕಿನದಾದರೂ ಅದು ಮಾಂಸಕ್ಕೆ ಹೆಸರಾದುದು. ಕಂಬಳಿಗೆ ಉಣ್ಣೆಯೊದಗುವುದು ದಖನಿ ಕುರಿಗಳಿಂದ.

ನಿಯಮಗಳನ್ನು ಯಾವ ಗ್ರಂಥದಲ್ಲಿಯೂ ಬರೆದಿಲ್ಲ, ಆದರೆ ಅವನ್ನು ಮೀರುವವರೂ ಇಲ್ಲ. ಬೇವಿನ ಟೊಂಗೆಗೆ ಹಳೆಯ ಸೀರೆಯ ಜೋಳಿಗೆಯನ್ನು ಕಟ್ಟಿ ಕೂಸನ್ನು ಮಲಗಿಸುವುದು ಯಾವಾಗಲೂ ಕುಣಿಯ ಮೂಡಣಕ್ಕೆ. ಚಳಿಗಾಲದ ಗಾಳಿಯು ಮೂಡಲಿಂದ ಬೀಸುವುದರಿಂದ ಹೊಗೆಯಾಗಲಿ ಹಾರುವ ಹೊಟ್ಟಾಗಲಿ ಆ ಕಡೆ ಸುಳಿಯದು. ಆಗತಾನೆ ನಡೆಯಲು ಕಲಿತ ಮಗುವಿಗೆ ಸೀತನಿಯ ಕಾಳನ್ನು ಇಡಿಯಾಗಿ ಕೊಡಕೂಡದು; ಹಿರಿಯಳೊಬ್ಬಳು ಅದನ್ನು ಬೆರಳಿನಿಂದ ಹಿಸುಕಿ, ಮಜ್ಜಿಗೆಯಲ್ಲಿ ಕಲಸಿ, ಚೂರುಚೂರಾಗಿ ಉಣಿಸುವಳು. ಬಾವಿಯ ದಿಕ್ಕಿಗೆ ಮಕ್ಕಳು ಒಂಟಿಯಾಗಿ ಹೋಗಬಾರದು, ಆಳೆತ್ತರದ ಜೋಳದ ಸಾಲುಗಳೊಳಗೆ ಹೊಕ್ಕವರು ದನಿಗೆ ದನಿ ಕೊಡುತ್ತಿರಬೇಕು. "ಕೂಸಿನ ಕಿವಿಗಿ ಗಾಳಿ ಹೋದೀತು, ಕುಂಚಗಿ ಜಗ್ಗವಾ ತಂಗಿ" ಎಂದು ಸೊಸೆಯನ್ನೋ ಮೊಮ್ಮಗಳನ್ನೋ ಕೂಗಿ ಎಚ್ಚರಿಸುವ ಆಯಿಯೇ ಈ ಶಿಶುಮಂದಿರದ ಅಧಿಷ್ಠಾತ್ರಿ. ಒಂದು ಮನೆಯ ಆಯಿಯಲ್ಲ. ಅಕ್ಕಪಕ್ಕದ ಹೊಲಗಳವರು ಕೂಡಿದಾಗ ಮೂರು ನಾಲ್ಕು ಮನೆಗಳ ಮಕ್ಕಳು ಒಂದೇ ಕಂಬಳಿಯ ಮೇಲೆ ಒಬ್ಬಳೇ ಮುದುಕಿಯ ದೃಷ್ಟಿಯಲ್ಲಿರುವುದುಂಟು. ಆಕೆಯು ಉಣ್ಣುವುದು ಎಲ್ಲರ ಊಟವಾದ ಮೇಲೆ, ತಣ್ಣಗಾದ ಸೀತನಿಯನ್ನು. ಈ ಸಂಗತಿಯನ್ನು ಸೀತನಿಯ ವರ್ಣನೆ ಮಾಡುವವರು ಸಾಮಾನ್ಯವಾಗಿ ಬರೆಯುವುದಿಲ್ಲ. ಬರೆಯಬೇಕೆಂದು ನನಗೆ ತೋರುತ್ತದೆ.

ಐದಾರು ವರ್ಷ ದಾಟಿದ ಮಕ್ಕಳಿಗೆ ಹೊಲವೇ ಆಟದ ಬಯಲು. ಹುಣಸೆಯ ಮರಕ್ಕೆ ಜೋಕಾಲಿ, ಬೇಲಿಯ ಬಾರಿಹಣ್ಣು, ಹಸಿ ಕಡಲೆಯ ಗಿಡ, ಹಕ್ಕಿ ಕಾಯುವ ಅಟ್ಟದ ಮೇಲೆ ನಿಂತು ಕವಣೆ ಬೀಸುವ ಪೈಪೋಟಿ. ತೆನೆಗೆರಗುವ ಗುಬ್ಬಿ ಗಿಳಿಗಳನ್ನು ಓಡಿಸಲು ಮುತ್ಯಾನು ಮೊಮ್ಮಗನ ಕೈಗೆ ಕವಣೆಯನ್ನು ಕೊಟ್ಟು, ಕಲ್ಲಿನ ಬದಲು ಮಣ್ಣಿನ ಹೆಂಟೆಯನ್ನಿಡಿಸಿ, ಜನರಿಲ್ಲದ ದಿಕ್ಕಿಗೆ ಮುಖ ಮಾಡಿಸಿ ಕಲಿಸುವನು. ಮಾರ್ಗಶಿರದ ಕೊನೆಗೆ ಎಳ್ಳಮಾವಾಸ್ಯೆ ಬಂದಾಗ ಈ ಎಲ್ಲ ಉಲ್ಲಾಸವೂ ಇಮ್ಮಡಿಸುತ್ತದೆ. ಬನ್ನಿಗಿಡದ ಬುಡದಲ್ಲಿ ಪಾಂಡವರೆಂದು ಐದು ಕಲ್ಲುಗಳನ್ನಿರಿಸಿ, ಸುಣ್ಣ ಹಚ್ಚಿ ಪೂಜಿಸಿ, ಸಜ್ಜಿರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಭರ್ತಗಳ ನೈವೇದ್ಯದಿಂದ ಚರಗವನ್ನು ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುವಾಗ, ಚೆಲ್ಲುವವನ ಹಿಂದೆ ನೀರಿನ ತಂಬಿಗೆ ಹಿಡಿದು ಕೂಗುತ್ತ ಓಡುವುದು ಮಕ್ಕಳ ಹಕ್ಕು. ಅದೇ ಮಾಸದಲ್ಲಿ ಜತ್ತ ಪಟ್ಟಣದಲ್ಲಿ ಯಲ್ಲಮ್ಮನ ಜಾತ್ರೆಯೂ ಕೂಡುವುದರಿಂದ, ಖಿಲಾರಿ ಎತ್ತುಗಳ ಪೇಟೆಯನ್ನು ನೋಡಬಯಸುವವರು ಎರಡನ್ನೂ ಒಂದೇ ಪ್ರವಾಸದಲ್ಲಿ ಕೂಡಿಸಿಕೊಳ್ಳಬಹುದು. ಸೀತನಿಗಾದರೆ ಸಂಕ್ರಾಂತಿಯ ಹಿಂದುಮುಂದಿನ ವಾರಗಳೇ ಪ್ರಶಸ್ತ.

ಇತ್ತೀಚಿನ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿ ಕೃಷಿಪ್ರವಾಸವೆಂಬುದು ಒಂದು ಉದ್ಯಮವಾಗಿ ಬೆಳೆದಿದೆ. 2020ರಲ್ಲಿ ಅಲ್ಲಿಯ ಸರ್ಕಾರವು ಅದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಪುಣೆ ಸೋಲಾಪುರಗಳ ಸುತ್ತಿನ ತೋಟಗಳಲ್ಲಿ ತಲೆಗಿಷ್ಟೆಂದು ಹಣ ತೆತ್ತು ಪಟ್ಟಣದ ಕುಟುಂಬಗಳು ಹುರಡಾ ತಿಂದು, ಎತ್ತಿನ ಬಂಡಿಯಲ್ಲಿ ಕುಳಿತು, ಸಂಜೆಗೆ ಹಿಂದಿರುಗುತ್ತವೆ. ಇದನ್ನು ಹಳಿಯುವವರ ಪಂಕ್ತಿಯಲ್ಲಿ ನಾನಿಲ್ಲ. ಒಣಬೇಸಾಯದ ರೈತನಿಗೆ ಒಣಗಿದ ಜೋಳದ ಬೆಲೆಗಿಂತ ಎಳೆಜೋಳದ ಬೆಲೆಯು ಹೆಚ್ಚಾಗಿ ದೊರೆಯುವುದಾದರೆ ಅದು ಒಳ್ಳೆಯದೇ ಸರಿ. ಪಟ್ಟಣದ ಮಗುವಿಗೆ ರೊಟ್ಟಿಯು ತೆನೆಯಲ್ಲಿರುವ ರೂಪವನ್ನು ಕಾಣುವ ಅವಕಾಶವು ಸಿಗುವುದೂ ಒಳ್ಳೆಯದೇ. ಎಳೆಯ ಕೂಸುಗಳನ್ನು ಕರೆತರುವವರು ಮಾತ್ರ ಬೆಚ್ಚನೆಯ ಟೊಪ್ಪಿಗೆಯನ್ನೂ ಹಾಸುಹೊದಿಕೆಯನ್ನೂ ತಮ್ಮೊಡನೆ ತರಲಿ, ಬಾವಿಗೆ ಕಟ್ಟೆಯಿದೆಯೇ ಎಂದು ಮೊದಲೇ ವಿಚಾರಿಸಲಿ, ಮಕ್ಕಳನ್ನು ನೋಡಿಕೊಂಡ ಹಿರಿಯಳಿಗೆ ಅವಳ ಪಾಲಿನ ಹಣವು ಸೇರುವಂತೆ ನೋಡಲಿ.

ಆದರೆ ಇದೇ ತಾಲ್ಲೂಕಿನ ಎಷ್ಟೋ ಸಂಸಾರಗಳ ಪಾಲಿಗೆ ಈ ಹೊಲದ ಚಳಿಗಾಲವೇ ಇಲ್ಲವೆಂಬುದನ್ನು ಹೇಳದೆ ಬಿಟ್ಟರೆ ಪರಿಚಯವು ಅರ್ಧವಾದೀತು. ಮಳೆ ಕೈಕೊಟ್ಟ ವರ್ಷ, ಜೋಳಕ್ಕೆ ಹಾಲು ತುಂಬುವ ಮೊದಲೇ, ಗಂಡಹೆಂಡಿರ ಜೋಡಿಯನ್ನು ಒಂದು ಕೊಯ್ತಾ ಎಂದು ಎಣಿಸಿ, ಕೂಲಿಗಾರರನ್ನು ಒದಗಿಸುವ ಮುಕಾದಮನು ಕೊಟ್ಟ ಮುಂಗಡವನ್ನು ತೀರಿಸಲು, ಅವರು ಕೃಷ್ಣಾತೀರದ ಸಕ್ಕರೆ ಕಾರ್ಖಾನೆಗಳ ಕಡೆಗೆ ಗುಳೆ ಹೋಗುತ್ತಾರೆ. ದೀಪಾವಳಿಯ ಹೊತ್ತಿನಿಂದ ಮಾರ್ಚಿಯವರೆಗೆ ಕಬ್ಬಿನ ಕಟಾವು. ಬೆಳಕು ಹರಿಯುವ ಮೊದಲೇ ತಂದೆತಾಯಿಗಳು ಕಬ್ಬಿನ ಫಡಕ್ಕಿಳಿದರೆ, ಕೂಸು ಕಬ್ಬಿನ ಒಣಗರಿಯಾದ ರವದಿಯ ಮೇಲೆ, ಆರೇಳು ವರ್ಷದ ಅಕ್ಕನ ವಶದಲ್ಲಿ. ಆಯಿಯಾದರೋ ದೂರದ ಹಳ್ಳಿಯಲ್ಲಿ ಬೀಗ ಹಾಕಿದ ಮನೆಗಳನ್ನು ಕಾಯುತ್ತಿರುತ್ತಾಳೆ. ಕುಂಚಿಗೆಯು ಕೂಸಿನೊಡನೆ ಹೋಗುತ್ತದೆ, ಅದನ್ನು ಎಳೆದು ಸರಿಪಡಿಸುವ ಕೈ ಹೋಗುವುದಿಲ್ಲ.

ಈ ಮಕ್ಕಳಿಗಾಗಿ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಜನಾರ್ಥ ಸಂಸ್ಥೆಯವರು ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳ ಬಳಿ ಸಾಖರ್ ಶಾಲೆಗಳನ್ನು ನಡೆಸಿದರು. 2010ರಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಗೆ ಬಂದ ಮೇಲೆ ಮಕ್ಕಳನ್ನು ಊರಲ್ಲಿಯೇ ಉಳಿಸುವ ಹಂಗಾಮಿ ವಸತಿಗೃಹಗಳ ಕಡೆಗೆ ಒಲವು ತಿರುಗಿತು. ಅವೆಲ್ಲ ಶಾಲೆಯ ವಯಸ್ಸಿನವರಿಗೆ. ಹಾಲು ಕುಡಿಯುವ ಕೂಸಿನ ಪ್ರಶ್ನೆಯನ್ನು ಬಹು ಹಿಂದೆಯೇ ಕೈಗೆತ್ತಿಕೊಂಡವರು ಶಿಶುಶಿಕ್ಷಣತಜ್ಞೆ ತಾರಾಬಾಯಿ ಮೋಡಕರು. ಅನುತಾಯಿ ವಾಘರೊಡಗೂಡಿ 1945ರಲ್ಲಿ ಬೋರ್ಡಿಯಲ್ಲಿ, 1957ರಿಂದ ಕೋಸಬಾಡದ ಗುಡ್ಡದ ಮೇಲೆ, ಶಿಶುವು ಎಲ್ಲಿದೆಯೋ ಅಲ್ಲಿಗೇ ಶಾಲೆಯು ಹೋಗಬೇಕೆಂದು ಅಂಗಳದಲ್ಲಿ, ದನ ಮೇಯುವ ಕುರಣದಲ್ಲಿ ಅವರು ನಡೆಸಿದ ಪ್ರಯೋಗಗಳ ನೆರಳಿನಲ್ಲಿಯೇ ಮುಂದೆ 1975ರ ಅಂಗನವಾಡಿ ಯೋಜನೆಯು ಬಂದಿತು. ಗಡಿಯಾಚೆಯ ಕರ್ನಾಟಕದಲ್ಲಿ ಉದ್ಯೋಗಖಾತ್ರಿಯ ಕೂಲಿಗೆ ಹೋಗುವ ತಾಯಂದಿರಿಗಾಗಿ 2023ರಲ್ಲಿ ಕೂಸಿನ ಮನೆಗಳು ಆರಂಭವಾಗಿ, ಗ್ರಾಮದ ಹೆಂಗಸರಿಗೇ ತರಬೇತಿ ಕೊಟ್ಟು ಕೂಲಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ನೇಮಿಸಲಾಗುತ್ತಿದೆ. ಕಬ್ಬು ಕಡಿಯುವವರ ಟೋಳಿಗೂ ಇದನ್ನು ಅನ್ವಯಿಸಲು ಅಡ್ಡಿಯೇನೂ ಕಾಣದು: ಹತ್ತು ಹನ್ನೆರಡು ಜೋಡಿಗಳ ಒಂದೊಂದು ಟೋಳಿಯೊಡನೆ ಊರಿನ ಒಬ್ಬ ಆಯಿಯು, ಕನ್ನಡದಲ್ಲಿ ಜೋಗುಳ ಹಾಡಬಲ್ಲವಳು, ಸಂಬಳದ ಮೇಲೆ ಹೋಗತಕ್ಕದ್ದು, ಆ ಸಂಬಳವನ್ನು ಮುಕಾದಮನ ದಲಾಲಿಯಂತೆಯೇ ಕಟಾವಿನ ವೆಚ್ಚದಲ್ಲಿ ಸೇರಿಸಿ ಕಾರ್ಖಾನೆಯೇ ತೆರತಕ್ಕದ್ದು.